ಬಣ್ಣ ಹಚ್ಚದ ನಾಟಕ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ನಾಟಕದ ಮಾತು ಶುರುವಾಗುತ್ತದೆ. ಸ್ಕೂಲ್ ಡೇಗೆ ಇನ್ನು ಮೂರೇ ವಾರ. ಎತ್ತರದ ಹುಡುಗನಿಗೆ ರಾಜನ ಪಾತ್ರ, ಗಟ್ಟಿ ಗಂಟಲಿನ ಹುಡುಗಿಗೆ ನಿರೂಪಣೆ, ಮಾತು ನೆನಪಿಡಲಾರದವರಿಗೆ ಈಟಿ ಹಿಡಿದು ನಿಲ್ಲುವ ಕೆಲಸ. ಉಡುಪು ಪೇಟೆಯಿಂದ ಬಾಡಿಗೆಗೆ ಬರುತ್ತದೆ, ಮೀಸೆಗೆ ಅಂಟು ಬರುತ್ತದೆ, ತಡವರಿಸಿದವರಿಗೆ ಪರದೆಯ ಹಿಂದಿನಿಂದ ಮೇಷ್ಟ್ರು ಪಿಸುಗುಟ್ಟುತ್ತಾರೆ. ನಲವತ್ತು ಮಕ್ಕಳ ತರಗತಿಯಲ್ಲಿ ಎಂಟು ಮಂದಿ ವೇದಿಕೆಯ ಮೇಲೆ, ಮೂವತ್ತೆರಡು ಮಂದಿ ಕೆಳಗೆ ಕೂತು ಚಪ್ಪಾಳೆ. ಜನವರಿಯ ಹೊತ್ತಿಗೆ ಪಾಠ ಹಿಂದೆ ಬಿದ್ದಿರುತ್ತದೆ, ಮುಂದಿನ ಡಿಸೆಂಬರ್‌ವರೆಗೆ ನಾಟಕದ ಸುದ್ದಿ ಯಾರೂ ಎತ್ತುವುದಿಲ್ಲ. ಊರಿಗೆಲ್ಲ ಹಬ್ಬವಾಗುವ ಈ ನಾಟಕ ಬೇಡವೆಂದು ಯಾರೂ ಹೇಳಲಾರರು. ಆದರೆ ‘ನಾಟಕದಿಂದ ಮಕ್ಕಳ ಕಲಿಕೆಗೆ ಲಾಭ’ ಎಂಬ ಮಾತನ್ನು ಈ ಹಬ್ಬದ ಅಳತೆಯಲ್ಲಿ ತೂಗಿದರೆ ಲೆಕ್ಕ ತಪ್ಪುತ್ತದೆ. ಆ ಲಾಭ ಹುಟ್ಟುವ ಜಾಗವೇ ಬೇರೆ. ಮಾಮೂಲಿ ಮಂಗಳವಾರದ ಮೂರನೇ ಪೀರಿಯಡ್ಡಿನಲ್ಲಿ, ಬೆಂಚು ಸರಿಸಿದ ನಾಲ್ಕು ಅಡಿ ಜಾಗದಲ್ಲಿ, ನೋಡುವವರೇ ಇಲ್ಲದೆ ಇಪ್ಪತ್ತು ನಿಮಿಷ ನಡೆದು ಬೋರ್ಡಿನ ಸೀಮೆಸುಣ್ಣದಂತೆ ಅಳಿಸಿಹೋಗುವ ನಾಟಕದಲ್ಲಿ ಅದು ಹುಟ್ಟುತ್ತದೆ. ಅದನ್ನು ನಡೆಸಲು ಆ ಪಾಠದ ಟೀಚರಿಗಿಂತ ತಕ್ಕವರಿಲ್ಲ ಎಂಬುದು ಈ ಲೇಖನದ ವಾದ.

ಕರಾವಳಿ, ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ, ತಾಳಮದ್ದಳೆ ಎಂದರೆ ಸಾಕು. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿ ನಿಲ್ಲಿಸಿದೊಡನೆ ಎದುರುಬದುರು ಕೂತ ಅರ್ಥಧಾರಿಗಳು ಆ ಪದವನ್ನು ತಮ್ಮ ಮಾತಿನಲ್ಲಿ ಬೆಳೆಸುತ್ತಾರೆ. ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಸಂಧಾನಕ್ಕೆ ಬಂದ ಕೃಷ್ಣ ಒಂದು ಪ್ರಶ್ನೆ ಎಸೆದರೆ ಕೌರವ ಅಲ್ಲೇ ಉತ್ತರ ಹುಡುಕಬೇಕು. ಅದಕ್ಕೆ ಕಥೆ ಪೂರ್ತಿ ಗೊತ್ತಿರಬೇಕು, ಎದುರಿನವರ ಮಾತನ್ನು ಕಿವಿಗೊಟ್ಟು ಕೇಳಿರಬೇಕು, ತನಗೆ ಒಪ್ಪಿಗೆಯಿರಲಿ ಬಿಡಲಿ ಆ ಪಾತ್ರದ ಪರವಾಗಿ ನಿಲ್ಲಬೇಕು. ತರಗತಿಯ ನಾಟಕಕ್ಕೆ ಬೇಕಾದ ಬಂಡವಾಳವೆಲ್ಲ ಈ ಮೂರರಲ್ಲೇ ಇದೆ. ಒಂದು ಶಾಲು, ಎರಡು ಕುರ್ಚಿ, ಓದಿ ಮುಗಿಸಿದ ಒಂದು ಪಾಠ, ಖರ್ಚು ಅಷ್ಟೇ.

ಯೋಚನೆ ಹೊಸದೂ ಅಲ್ಲ. ಇಂಗ್ಲೆಂಡಿನ ಸಾಂಪ್ಟಿಂಗ್ ಎಂಬ ಹಳ್ಳಿಯ ಮುಖ್ಯೋಪಾಧ್ಯಾಯಿನಿ ಹ್ಯಾರಿಯೆಟ್ ಫಿನ್ಲೆ-ಜಾನ್ಸನ್ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಇತಿಹಾಸ, ಭೂಗೋಳಗಳನ್ನು ಮಕ್ಕಳಿಂದ ಆಡಿಸಿ ಕಲಿಸುತ್ತಿದ್ದರು. ಹದಿನಾಲ್ಕನೇ ವಯಸ್ಸಿಗೆ ಉಣ್ಣೆ ಗಿರಣಿ ಸೇರಿದ್ದ ಯಾರ್ಕ್‌ಶೈರಿನ ಡೊರೊಥಿ ಹೀತ್‌ಕೋಟ್ (1926–2011) ಮುಂದೆ ನ್ಯೂಕ್ಯಾಸಲ್‌ನಲ್ಲಿ ಶಿಕ್ಷಕರಿಗೇ ಶಿಕ್ಷಕಿಯಾಗಿ, ಟೀಚರ್ ತಾನೂ ಒಂದು ಪಾತ್ರವಾಗಿ ಮಕ್ಕಳ ನಡುವೆ ಇಳಿಯುವ ಪದ್ಧತಿಯನ್ನು ಬೆಳೆಸಿದರು. ನಮ್ಮಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಹಾಡು, ನಾಟಕಗಳನ್ನು ಶಿಕ್ಷಣದ ಒಳಗೇ ತಂದರು. ಬಿ.ವಿ. ಕಾರಂತರು ಟ್ಯಾಗೋರರ ಗಿಳಿಯ ಕಥೆಯನ್ನು ‘ಪಂಜರಶಾಲೆ’ಯಾಗಿ ರಂಗಕ್ಕೆ ತಂದರು. ಗಿಳಿಗೆ ವಿದ್ಯೆ ಕಲಿಸುವ ಭರಾಟೆಯಲ್ಲಿ ಪಂಜರವೂ ಪುಸ್ತಕವೂ ದೊಡ್ಡದಾಗಿ ಗಿಳಿಯೇ ಸತ್ತುಹೋಗುವ ಕಥೆಯದು. ಅದನ್ನು ಉರುಹೊಡೆಸಿ ಆಡಿಸುವ ಶಾಲೆಗಳಿಗೆ ಅದರ ಕುಟುಕು ತಟ್ಟುವುದುಂಟೋ ಇಲ್ಲವೋ. ಪ್ರೇಮಾ ಕಾರಂತರ ಬೆನಕ ಮಕ್ಕಳ ತಂಡ, ಮೈಸೂರು ರಂಗಾಯಣದ ಚಿಣ್ಣರ ಮೇಳ, ವೈದೇಹಿಯವರ ಮಕ್ಕಳ ನಾಟಕಗಳು ಒಂದು ಪರಂಪರೆಯನ್ನೇ ಕಟ್ಟಿವೆ. ಆದರೆ ಏಪ್ರಿಲ್ ಶಿಬಿರದಲ್ಲಿ ಅರಳಿದ್ದು ಜೂನ್ ತಿಂಗಳ ತರಗತಿಗೆ ಕಾಲಿಟ್ಟದ್ದು ಕಡಿಮೆ. ಕಲೆಯನ್ನು ಶಾಲೆಯ ನಿತ್ಯದ ಕಲಿಕೆಗೆ ತರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು, 2020ರ ಶಿಕ್ಷಣ ನೀತಿಯೂ ಹೇಳಿತು. ಅಷ್ಟಾದರೂ ನಾಟಕ ಟೈಮ್‌ಟೇಬಲ್ಲಿನ ಆಚೆಯೇ ನಿಂತಿದೆ.

ಹಾಗಾದರೆ ಲಾಭ ನಿಜವೇ, ಇಲ್ಲಾ ಕಲಾವಿದರ ಅಭಿಮಾನದ ಮಾತೇ? ಈ ವಿಷಯದಲ್ಲಿ ಉತ್ಪ್ರೇಕ್ಷೆಗೆ ಬರವಿಲ್ಲ. ನಾಟಕ ಆಡಿದರೆ ಬುದ್ಧಿ ಚುರುಕಾಗುತ್ತದೆ, ಗಣಿತದಲ್ಲಿ ಅಂಕ ಬರುತ್ತದೆ, ವ್ಯಕ್ತಿತ್ವ ಅರಳುತ್ತದೆ ಎಂದೆಲ್ಲ ಕರಪತ್ರಗಳು ಹೇಳುತ್ತವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಝೀರೊ ಬಳಗದ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ 2000ದಲ್ಲಿ ಇಂಥ ಹೇಳಿಕೆಗಳನ್ನೆಲ್ಲ ಒರೆಗೆ ಹಚ್ಚಿದರು. ಕಲೆ ಕಲಿತರೆ ಓದಿನಲ್ಲಿ ಅಂಕ ಹೆಚ್ಚುತ್ತದೆ ಎಂಬ ಒಟ್ಟಾರೆ ಮಾತಿಗೆ ಗಟ್ಟಿ ಆಧಾರ ಸಿಗಲಿಲ್ಲ. ಆದರೆ ನಿಂತ ಕೆಲವೇ ಸಂಬಂಧಗಳಲ್ಲಿ ಒಂದು, ತರಗತಿಯ ನಾಟಕಕ್ಕೂ ಭಾಷಾ ಸಾಮರ್ಥ್ಯಕ್ಕೂ ಇರುವ ನಂಟು. ಅದೇ ಯೋಜನೆಯಲ್ಲಿ ಆನ್ ಪೊಡ್ಲೊಜ್ನಿ 80 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಥೆಯನ್ನು ಆಡಿ ಕಲಿತ ಮಕ್ಕಳು ಕಥೆಯ ಗ್ರಹಿಕೆ, ಓದು, ಮಾತು, ಬರವಣಿಗೆಗಳಲ್ಲಿ ಮುಂದಿದ್ದರು. ಹೆಚ್ಚು ಮುಖ್ಯವಾದದ್ದು, ಆಡದೇ ಇದ್ದ ಹೊಸ ಕಥೆಯನ್ನು ಓದುವಾಗಲೂ ಆ ಲಾಭ ಜೊತೆಗೆ ಬಂದಿತ್ತು. ಪದಸಂಪತ್ತಿನಲ್ಲಿ ಮಾತ್ರ ಖಚಿತ ಹೆಚ್ಚಳ ಕಾಣಲಿಲ್ಲ. ಟೊರಾಂಟೊದಲ್ಲಿ ಸಂಶೋಧಕ ಗ್ಲೆನ್ ಶೆಲೆನ್‌ಬರ್ಗ್ ಆರು ವರ್ಷದ 144 ಮಕ್ಕಳನ್ನು ಸಂಗೀತ, ನಾಟಕ, ಏನೂ ಇಲ್ಲ ಎಂದು ಗುಂಪು ಮಾಡಿ ಒಂದು ವರ್ಷ ಕಲಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಬುದ್ಧಿಮಾಪನದಲ್ಲಿ ಸಂಗೀತದ ಮಕ್ಕಳು ತುಸು ಮುಂದೆ ಹೋದರು, ನಾಟಕದವರು ಹೋಗಲಿಲ್ಲ. ಆದರೆ ಇತರರೊಂದಿಗೆ ಹೊಂದಿಕೊಂಡು ನಡೆಯುವ ಗುಣದಲ್ಲಿ ಮುಂದೆ ಹೋದವರು ನಾಟಕದ ಮಕ್ಕಳೇ.

ಇದಕ್ಕೆ 2015ರ ಇನ್ನೊಂದು ಅಧ್ಯಯನವನ್ನು ಸೇರಿಸಿ ನೋಡಬೇಕು. ಅಮೆರಿಕದ ಸಂಶೋಧಕರು 1985ರಿಂದ 2012ರವರೆಗಿನ 47 ಪ್ರಯೋಗಗಳನ್ನು ಜೋಡಿಸಿ, ನಾಟಕವನ್ನು ಪಾಠದ ಸಾಧನವಾಗಿ ಬಳಸಿದರೆ ಕಲಿಕೆ ಹೆಚ್ಚುತ್ತದೆಯೇ ಎಂದು ನೋಡಿದರು. ಹೆಚ್ಚುತ್ತದೆ ಎಂಬುದು ಮೊದಲ ಉತ್ತರ. ಆದರೆ ನಮ್ಮ ಶಾಲೆಗಳು ಗಮನಿಸಬೇಕಾದದ್ದು ಅದರ ಷರತ್ತುಗಳನ್ನು. ಒಂದೆರಡು ದಿನಕ್ಕೆ ನಿಲ್ಲದೆ ಹೆಚ್ಚು ಕಾಲ ನಡೆದಾಗ ಫಲ ಹೆಚ್ಚು. ಭಾಷೆ ಅಥವಾ ವಿಜ್ಞಾನದ ಪಾಠದೊಂದಿಗೆ ಬೆಸೆದಾಗ ಹೆಚ್ಚು. ಹೊರಗಿನಿಂದ ಬಂದ ಕಲಾವಿದರಿಗಿಂತ ತರಗತಿಯ ಶಿಕ್ಷಕರೇ ನಡೆಸಿದಾಗ ಹೆಚ್ಚು. ಕೊನೆಯ ಮಾತು ರಂಗಕರ್ಮಿಗಳಿಗೆ ತುಸು ಮುಜುಗರದ್ದು, ಶಿಕ್ಷಕರಿಗೆ ಇನ್ನೂ ಹೆಚ್ಚು ಮುಜುಗರದ್ದು, ಏಕೆಂದರೆ ‘ನಮಗೆ ನಾಟಕ ಬರುವುದಿಲ್ಲ’ ಎಂಬ ನೆಪವನ್ನು ಅದು ಕಿತ್ತುಕೊಳ್ಳುತ್ತದೆ. ಆದರೂ ಕಾರಣ ಸರಳವೆಂದು ತೋರುತ್ತದೆ. ಪಾಠದ ಗುರಿ ಏನು, ಯಾವ ಮಗು ಎಲ್ಲಿ ಎಡವುತ್ತದೆ, ನಿನ್ನೆ ಎಲ್ಲಿಗೆ ನಿಂತಿತ್ತು, ನಾಳೆ ಎಲ್ಲಿಂದ ಎತ್ತಿಕೊಳ್ಳಬೇಕು ಎಂಬುದು ಗೊತ್ತಿರುವುದು ಆ ಟೀಚರಿಗೆ ಮಾತ್ರ.

ಇದು ಕೆಲಸ ಮಾಡುವುದು ಹೇಗೆಂದು ತಿಳಿಯಲು ತರಗತಿಯ ಮಾತನ್ನು ಒಂದು ದಿನ ಕಿವಿಗೊಟ್ಟು ಕೇಳಬೇಕು. ಟೀಚರ್ ಪ್ರಶ್ನೆ ಕೇಳುತ್ತಾರೆ, ಉತ್ತರದ ಅರ್ಧವನ್ನೂ ತಾವೇ ಹೇಳಿ ರಾಗ ಎಳೆಯುತ್ತಾರೆ, ಮಕ್ಕಳು ಉಳಿದರ್ಧವನ್ನು ಒಕ್ಕೊರಲಿನಿಂದ ಮುಗಿಸುತ್ತಾರೆ. ಅರ್ಥವಾಯಿತೇ ಎಂದರೆ ಆಯಿತು ಸಾರ್ ಎನ್ನುತ್ತಾರೆ. ದಿನವಿಡೀ ಶಾಲೆಯಲ್ಲಿದ್ದು ಒಂದೇ ಒಂದು ಪೂರ್ಣ ವಾಕ್ಯವನ್ನು ಸ್ವಂತವಾಗಿ ಕಟ್ಟದೆ ಮನೆಗೆ ಹೋಗುವ ಮಗು ಅಪರೂಪವೇನಲ್ಲ. ಮಾತಾಡಲು ಕಾರಣವೇ ಇಲ್ಲದಾಗ ಭಾಷೆ ಬೆಳೆಯುವುದು ಎಲ್ಲಿಂದ? ನಾಟಕ ಆ ಕಾರಣವನ್ನು ಒದಗಿಸುತ್ತದೆ. ಮೀನು ಮಾರುವವಳಾಗಿ ಮಾತಾಡುವಾಗ ಒಂದು ಭಾಷೆ, ತಹಶೀಲ್ದಾರರಿಗೆ ಅಹವಾಲು ಹೇಳುವಾಗ ಇನ್ನೊಂದು, ಅಜ್ಜಿಯನ್ನು ಸಮಾಧಾನ ಮಾಡುವಾಗ ಮತ್ತೊಂದು. ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ನಾಟಕವೆಂದೊಡನೆ ಮಕ್ಕಳಿಂದ ಪುಸ್ತಕದ ಕನ್ನಡ ಆಡಿಸುವ ಚಾಳಿ ನಮ್ಮದು. ಧಾರವಾಡದ ಹುಡುಗ ‘ಹೊಂಟೀನಿ’ ಅನ್ನುವುದನ್ನು ‘ಹೊರಟಿದ್ದೇನೆ’ ಎಂದು ತಿದ್ದುವಷ್ಟರಲ್ಲಿ ಅವನ ಪಾತ್ರ ಸತ್ತಿರುತ್ತದೆ. ಆಡುವಾಗ ಊರಿನ ಮಾತೇ ಬರಲಿ. ಮನೆಯಲ್ಲಿ ತುಳು, ಲಂಬಾಣಿ, ಉರ್ದು ಆಡುವ ಮಗುವಿನ ಬಾಯಲ್ಲಿ ಆ ನುಡಿಯ ಒಂದೆರಡು ಪದ ಬೆರೆತರೂ ಅಡ್ಡಿಯಿಲ್ಲ. ಶಿಷ್ಟ ಕನ್ನಡ ಬೇಕಾದಲ್ಲಿ ಅದಕ್ಕೂ ಒಂದು ಪಾತ್ರ ಕೊಡಿ, ವರದಿಗಾರನೋ ನ್ಯಾಯಾಧೀಶನೋ ಆಗಲಿ.

ಕನ್ನಡದ ಪಾಠಕ್ಕೆ ಎಲ್ಲಕ್ಕಿಂತ ಸುಲಭದ ಉಪಾಯ ‘ಪಾತ್ರವನ್ನು ಕುರ್ಚಿಯಲ್ಲಿ ಕೂರಿಸುವುದು’. ಗೋವಿನ ಹಾಡನ್ನೇ ತೆಗೆದುಕೊಳ್ಳಿ. ಪುಣ್ಯಕೋಟಿಯ ಸತ್ಯನಿಷ್ಠೆಯನ್ನು ವಿವರಿಸಿ ಎಂಬ ಪ್ರಶ್ನೆಗೆ ಮಕ್ಕಳು ತಲೆಮಾರುಗಳಿಂದ ಒಂದೇ ಉತ್ತರ ಬರೆಯುತ್ತಿದ್ದಾರೆ. ಹಾಡನ್ನು ಓದಿ ಮುಗಿಸಿದ ಮೇಲೆ ಮುಂದೆ ಒಂದು ಕುರ್ಚಿ ಹಾಕಿ, ಅದರಲ್ಲಿ ಹುಲಿ ಕೂರಲಿ. ಉಳಿದವರು ಹುಲಿಯನ್ನು ಪ್ರಶ್ನೆ ಕೇಳಬೇಕು. ‘ಕೈಗೆ ಸಿಕ್ಕಿದ ಹಸುವನ್ನು ಯಾಕೆ ಬಿಟ್ಟೆ?’ ‘ಅದು ವಾಪಸು ಬರುತ್ತದೆಂದು ನಿಜವಾಗಿ ನಂಬಿದ್ದೆಯಾ?’ ‘ನಿನಗೆ ಹಸಿವಿರಲಿಲ್ಲವಾ?’ ‘ತಿನ್ನುವುದಿಲ್ಲ ಅಂದರೆ ಸಾಕಿತ್ತಲ್ಲ, ಸಾಯುವುದು ಯಾಕೆ ಬೇಕಿತ್ತು?’ ಕೊನೆಯ ಪ್ರಶ್ನೆ ಬಂದಾಗ ಕುರ್ಚಿಯಲ್ಲಿರುವ ಮಗು ಸುಮ್ಮನಾಗುತ್ತದೆ, ಯೋಚಿಸುತ್ತದೆ, ಹಾಡಿನ ಕೊನೆಯ ಭಾಗಕ್ಕೆ ಮನಸ್ಸಿನಲ್ಲೇ ಹಿಂತಿರುಗುತ್ತದೆ. ಓದಿನ ಗ್ರಹಿಕೆ ಎಂದು ಶಿಕ್ಷಣಶಾಸ್ತ್ರ ಕರೆಯುವುದು ಆ ಮೌನವನ್ನೇ. ಐದು ನಿಮಿಷಕ್ಕೊಮ್ಮೆ ಕುರ್ಚಿಯಲ್ಲಿ ಕೂರುವವರನ್ನು ಬದಲಿಸಿ. ಒಂದು ಹುಲಿ ಪಶ್ಚಾತ್ತಾಪದಿಂದ ಸತ್ತರೆ ಇನ್ನೊಂದು ನಾಚಿಕೆಯಿಂದ ಸಾಯುತ್ತದೆ, ಮೂರನೆಯದು ತನಗೆ ಹಾಗೆ ಮಾಡಿದ್ದು ಸರಿಯೆನಿಸುವುದಿಲ್ಲ ಎಂದರೂ ಎನ್ನಬಹುದು. ಆಮೇಲೆ ಹತ್ತು ನಿಮಿಷ ಎಲ್ಲರೂ ಹುಲಿಯ ಕಡೆಯ ಪತ್ರ ಬರೆಯಲಿ. ಪ್ರತಿ ಪತ್ರದಲ್ಲೂ ಬೇರೆ ಹುಲಿ ಇರುತ್ತದೆ. ಒಂದೇ ನಿಯಮ: ಉತ್ತರ ಹಾಡಿಗೆ ವಿರುದ್ಧವಾಗಬಾರದು. ಆ ನಿಯಮ ಬಿಟ್ಟರೆ ಇದು ಬರಿಯ ಹರಟೆಯಾಗುತ್ತದೆ.

ಸಮಾಜ ವಿಜ್ಞಾನದಲ್ಲಿ ಇನ್ನೂ ದೊಡ್ಡ ಅವಕಾಶವಿದೆ. ಗ್ರಾಮಸಭೆಯ ಪಾಠದ ಸಾರಾಂಶವನ್ನು ಬೋರ್ಡಿನ ಮೇಲೆ ಬರೆಸಿದರೆ ಮಕ್ಕಳು ಮರುದಿನಕ್ಕೆ ಮರೆಯುತ್ತಾರೆ. ಅದರ ಬದಲು ಊರಿಗೆ ಒಂದೇ ಒಂದು ಕೊಳವೆಬಾವಿ ಮಂಜೂರಾಗಿದೆ, ಎಲ್ಲಿ ಕೊರೆಸಬೇಕೆಂದು ಇವತ್ತು ತೀರ್ಮಾನವಾಗಬೇಕು ಎಂದು ಹೇಳಿ ನೋಡಿ. ಏಳನೇ ತರಗತಿ, ನಲವತ್ತು ಮಕ್ಕಳು ಎನ್ನೋಣ. ಮೇಲಿನ ಕೇರಿ, ಕೆಳಗಿನ ಕೇರಿ, ಹೊಸ ಬಡಾವಣೆ, ತೋಟದ ಮನೆಗಳು ಎಂದು ನಾಲ್ಕು ಗುಂಪು. ಪ್ರತಿ ಗುಂಪಿಗೂ ಒಂದು ಚೀಟಿ: ನಿಮ್ಮಲ್ಲಿ ಎಷ್ಟು ಮನೆ, ನೀರು ಎಷ್ಟು ದೂರ, ಈಗಿರುವ ಬೋರ್‌ವೆಲ್ ಎಷ್ಟು ಅಡಿಗೆ ಬತ್ತಿದೆ. ಒಬ್ಬ ನೀರುಗಂಟಿ, ಒಬ್ಬಳು ಅಧ್ಯಕ್ಷೆ, ಇಬ್ಬರು ಸದಸ್ಯರು, ಒಬ್ಬ ಪತ್ರಕರ್ತ. ಟೀಚರ್ ಹೆಗಲ ಮೇಲೆ ಒಂದು ಟವೆಲ್ ಹಾಕಿಕೊಂಡ ಕ್ಷಣ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಟವೆಲ್ ತೆಗೆದರೆ ಮತ್ತೆ ಟೀಚರ್. ಈ ಗುರುತು ಚಿಕ್ಕದೆನಿಸಿದರೂ ಬಹಳ ಕೆಲಸದ್ದು. ಆಟ ಎಲ್ಲಿ ಶುರು, ಎಲ್ಲಿ ನಿಂತಿತು ಎಂಬುದು ಕೂಗಾಡದೆಯೇ ಮಕ್ಕಳಿಗೆ ತಿಳಿಯುತ್ತದೆ.

ಗುಂಪುಗಳಿಗೆ ಐದು ನಿಮಿಷ ಕೊಟ್ಟು ಸಭೆ ಶುರು ಮಾಡಿ. ಪಿಡಿಒ ಆಗಿ ಟೀಚರ್ ಒಂದು ಸಣ್ಣ ಅನ್ಯಾಯವನ್ನು ಬೇಕೆಂದೇ ಮಾಡಬೇಕು: ‘ಅಧ್ಯಕ್ಷರ ಮನೆ ಹೊಸ ಬಡಾವಣೆಯಲ್ಲೇ ಇರುವುದರಿಂದ ಅಲ್ಲೇ ಕೊರೆಸಿದರೆ ಅನುಕೂಲ, ಎಲ್ಲರ ಒಪ್ಪಿಗೆ ಇದೆ ಎಂದು ಬರೆದುಕೊಳ್ಳೋಣವಾ?’ ತರಗತಿ ಎದ್ದು ನಿಲ್ಲುತ್ತದೆ. ಯಾರೋ ಕೂಗುತ್ತಾರೆ, ‘ಅದು ಹೆಂಗೆ ಬರ್ಕಂತೀರಿ ಸಾರ್, ನಾವಿನ್ನೂ ಮಾತೇ ಆಡಿಲ್ಲ.’ ಪಿಡಿಒ ಸಮಾಧಾನವಾಗಿ, ‘ಹಾಗಾದರೆ ಯಾವ ನಿಯಮದಂತೆ ನಿಮ್ಮನ್ನು ಕೇಳಬೇಕು, ತೋರಿಸಿ’ ಎನ್ನುತ್ತಾರೆ. ಅಲ್ಲಿಯವರೆಗೆ ಮುಚ್ಚಿದ್ದ ಪಠ್ಯಪುಸ್ತಕಗಳು ತಾವಾಗಿ ತೆರೆಯುತ್ತವೆ. ಇಪ್ಪತ್ತನೇ ನಿಮಿಷಕ್ಕೆ ಟವೆಲ್ ಕೆಳಗಿಳಿಯಲಿ, ತೀರ್ಮಾನ ಆಗದಿದ್ದರೂ ಸರಿ. ಉಳಿದ ಹೊತ್ತಿನಲ್ಲಿ ಪ್ರತಿಯೊಬ್ಬರೂ ಸಭೆಯ ನಡಾವಳಿ ಬರೆಯಬೇಕು: ಹಾಜರಿ, ವಿಷಯ, ಯಾರು ಏನೆಂದರು, ಠರಾವು ಏನಾಯಿತು. ಒಂದೇ ಸಭೆಗೆ ಕೂತ ನಲವತ್ತು ಮಂದಿಯ ನಡಾವಳಿಗಳು ಒಂದಕ್ಕೊಂದು ಹೊಂದದಿರುವುದನ್ನು ಓದಿಸಿ ಕೇಳಿಸಿದರೆ, ದಾಖಲೆ ಬರೆಯುವವರ ಕೈ ಎಷ್ಟು ದೊಡ್ಡದೆಂಬುದು ಅವರಿಗೆ ಬೇರೆ ವಿವರಣೆಯಿಲ್ಲದೆ ಗೊತ್ತಾಗುತ್ತದೆ.

ವಿಜ್ಞಾನದಲ್ಲೂ ನಾಟಕಕ್ಕೆ ಜಾಗವಿದೆ, ಅಪಾಯವೂ ಇದೆ. ಘನ, ದ್ರವ, ಅನಿಲಗಳ ಪಾಠಕ್ಕೆ ಮಕ್ಕಳೇ ಕಣಗಳಾಗಿ ಭುಜಕ್ಕೆ ಭುಜ ತಾಗಿಸಿ ನಿಂತಲ್ಲೇ ಅಲುಗುವುದು, ಕಾವು ಏರಿದಂತೆ ಸಡಿಲಾಗಿ ಜಾರುವುದು, ಕೊನೆಗೆ ಕೋಣೆಯ ತುಂಬ ಚೆದುರುವುದು ಸೊಗಸಾಗಿ ನಡೆಯುತ್ತದೆ. ರಕ್ತ ಪರಿಚಲನೆಗೆ ನೆಲದ ಮೇಲೆ ಹೃದಯದ ನಾಲ್ಕು ಕೋಣೆ ಬರೆದು, ನೀಲಿ ಚೀಟಿ ಹಿಡಿದು ಬಂದ ಮಗು ಶ್ವಾಸಕೋಶದಲ್ಲಿ ಕೆಂಪು ಚೀಟಿಗೆ ಬದಲಾಯಿಸಿಕೊಂಡು ಹೋಗಬಹುದು. ಆದರೆ ಹೀಗೆ ಆಡಿದ ಮಗು ನಮ್ಮ ಮೈಯಲ್ಲಿ ನಿಜವಾಗಿ ನೀಲಿ ರಕ್ತ ಹರಿಯುತ್ತದೆಂದು ನಂಬಬಹುದು. ಕಾಯಿಸಿದಾಗ ಕಣವೇ ಉಬ್ಬುತ್ತದೆಂದು, ಕಣಕ್ಕೆ ಮನಸ್ಸಿದೆಯೆಂದು ತಿಳಿಯಬಹುದು. ಆದ್ದರಿಂದ ವಿಜ್ಞಾನದ ಪ್ರತಿ ಆಟದ ಕೊನೆಗೆ ‘ನಮ್ಮ ನಾಟಕದಲ್ಲಿ ಸುಳ್ಳು ಯಾವುದು?’ ಎಂದು ಕೇಳುವುದು ಕಡ್ಡಾಯ. ನನ್ನ ದೃಷ್ಟಿಯಲ್ಲಿ ಆ ಐದು ನಿಮಿಷದ ಚರ್ಚೆಯಲ್ಲೇ ವಿಜ್ಞಾನ ಇರುವುದು, ಅದಕ್ಕೆ ಮೊದಲಿನದು ಪೀಠಿಕೆ. ಗಣಿತದಲ್ಲಿ ಅಂಗಡಿ ಆಟ, ಬಡ್ಡಿ ಲೆಕ್ಕದ ಸಾಲಗಾರ ಮುಂತಾಗಿ ಸ್ವಲ್ಪ ದೂರ ಹೋಗಬಹುದು. ಬೀಜಗಣಿತಕ್ಕೆ ನಾಟಕ ಕಟ್ಟಲು ಹೆಣಗುವುದು ವ್ಯರ್ಥ, ಬೋರ್ಡೇ ಸಾಕು.

ಇತಿಹಾಸದಲ್ಲಿ ಅಪಾಯ ಇನ್ನೂ ಹೆಚ್ಚು. ಕಿತ್ತೂರು ಚೆನ್ನಮ್ಮನ ಬಗ್ಗೆ ಮಕ್ಕಳು ಒಪ್ಪಿಸುವುದರಲ್ಲಿ ಎಷ್ಟೋ ಭಾಗ 1961ರ ಸಿನಿಮಾದ್ದು, ಮಿಕ್ಕದ್ದು ಕಂಪನಿ ನಾಟಕದ ವರಸೆಯದ್ದು. ಕತ್ತಿ ಝಳಪಿಸಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಬೈದರೆ ಚಪ್ಪಾಳೆ ಬೀಳುತ್ತದೆ, ಇತಿಹಾಸ ಗೊತ್ತಾಗುವುದಿಲ್ಲ. ಯುದ್ಧವನ್ನು ಬಿಟ್ಟು ಅದರ ಹಿಂದಿನ ಇಕ್ಕಟ್ಟನ್ನು ಆಡಿಸುವುದು ಮೇಲು. 1824ರ ಸೆಪ್ಟೆಂಬರ್‌ನಲ್ಲಿ ದೊರೆ ತೀರಿಕೊಂಡಿದ್ದಾನೆ, ದತ್ತಕವನ್ನು ಕಂಪನಿ ಸರ್ಕಾರ ಒಪ್ಪುತ್ತಿಲ್ಲ, ಖಜಾನೆಗೆ ಮುದ್ರೆ ಬೀಳುವ ಹೊತ್ತು. ದರ್ಬಾರಿನಲ್ಲಿ ಒಬ್ಬರು ಸಂಧಿ ಎನ್ನಲಿ, ಒಬ್ಬರು ಅರ್ಜಿ ಬರೆಯೋಣ ಎನ್ನಲಿ, ಒಬ್ಬರು ಬಾಗಿಲು ಹಾಕಿಸಿ ಎನ್ನಲಿ. ಪ್ರತಿಯೊಬ್ಬರಿಗೂ ಕಾರಣ ಇರಬೇಕು. ಆಮೇಲೆ ಅಕ್ಟೋಬರ್ 23ರಂದು ನಿಜವಾಗಿ ಏನಾಯಿತು, ಡಿಸೆಂಬರ್‌ನಲ್ಲಿ ಕೋಟೆ ಹೇಗೆ ಬಿತ್ತು ಎಂಬುದನ್ನು ಪುಸ್ತಕದಲ್ಲಿ ಓದಲಿ. ನಾವು ಊಹಿಸಿ ಆಡಿದ್ದು ಯಾವುದು, ದಾಖಲೆಯಲ್ಲಿರುವುದು ಯಾವುದು ಎಂದು ಬೋರ್ಡನ್ನು ಎರಡು ಭಾಗ ಮಾಡಿ ಬರೆಸಿದರೆ ನಾಟಕ ಇತಿಹಾಸಕ್ಕೆ ಕೆಡುಕು ಮಾಡುವುದಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಮೊದಲು ಕೇಳುವುದು ಸಮಯದ ಮಾತು: ಸಿಲಬಸ್ ಮುಗಿಸುವುದು ಯಾರು? ಆಕ್ಷೇಪ ಹಗುರವಲ್ಲ. ತರಬೇತಿ, ಸಮೀಕ್ಷೆ, ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸಗಳ ನಡುವೆ ಉಳಿಯುವ ದಿನಗಳನ್ನು ಬೆರಳೆಣಿಸಿ ಬಲ್ಲ ಶಿಕ್ಷಕರಿಗೆ ‘ನಾಟಕ ಆಡಿಸಿ’ ಎನ್ನುವುದು ಸುಲಭ. ಆದರೆ ಪಾಠ ಮುಗಿಸುವುದಕ್ಕೂ ಮಕ್ಕಳು ಕಲಿಯುವುದಕ್ಕೂ ಅಂತರ ಎಷ್ಟೆಂದು ಅದೇ ಶಿಕ್ಷಕರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಎಲ್ಲ ಪಾಠವನ್ನೂ ಆಡಿಸಬೇಕಿಲ್ಲ. ವರ್ಷಕ್ಕೆ ಹತ್ತು ಪಾಠ, ತೊಡಕಿನ ವಿಷಯವಿರುವಂಥವು, ಆರಿಸಿಕೊಂಡರೆ ಸಾಕು. ಗ್ರಾಮಸಭೆಯ ಆಟಕ್ಕೆ ಒಂದೂವರೆ ಪೀರಿಯಡ್ ಹಿಡಿದರೆ ಅದರಲ್ಲೇ ಪಾಠ, ಚರ್ಚೆ, ಬರವಣಿಗೆ ಮೂರೂ ಆಗಿರುತ್ತವೆ. ನೋಟ್ಸ್ ಬರೆಸುವ ಎರಡು ಪೀರಿಯಡ್ ಉಳಿದಿರುತ್ತದೆ. ಅಂಕದ ಪ್ರಶ್ನೆಗೂ ದಾರಿ ಇದೆ. ನಿರಂತರ ಮೌಲ್ಯಮಾಪನದಲ್ಲಿ ಚಟುವಟಿಕೆಗೆಂದೇ ಅಂಕಗಳಿವೆ. ಥರ್ಮೊಕೋಲ್ ಮಾದರಿಗಳಿಗೂ ಅಂಗಡಿಯಲ್ಲಿ ಕೊಂಡ ಚಾರ್ಟುಗಳಿಗೂ ಹೋಗುತ್ತಿರುವ ಆ ಅಂಕ ಮಗು ಬರೆದ ನಡಾವಳಿಗೆ, ಹುಲಿಯ ಪತ್ರಕ್ಕೆ ಹೋಗಲಿ. ಅಭಿನಯಕ್ಕೆ ಮಾತ್ರ ಅಂಕ ಬೇಡ. ಕೊಟ್ಟ ಮರುದಿನದಿಂದಲೇ ಎಂಟು ಮಂದಿ ನಟರು, ಮೂವತ್ತೆರಡು ಮಂದಿ ಪ್ರೇಕ್ಷಕರು ಎಂಬ ಹಳೆಯ ಲೆಕ್ಕ ವಾಪಸು ಬರುತ್ತದೆ.

ಗದ್ದಲ ಎರಡನೇ ತಕರಾರು. ಪಕ್ಕದ ಕೋಣೆಯ ಟೀಚರ್ ಮುಖ ಗಂಟಿಕ್ಕುತ್ತಾರೆ, ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಲ್ಲುತ್ತಾರೆ. ಗದ್ದಲ ಆಗುವುದು ನಿಜ, ಇಲ್ಲವೆಂದು ವಾದಿಸಿ ಪ್ರಯೋಜನವಿಲ್ಲ. ಅದಕ್ಕೆ ಮದ್ದು ನಿಲ್ಲಿಸುವ ಸಂಜ್ಞೆ: ಒಂದು ಚಪ್ಪಾಳೆಗೆ ಎಲ್ಲರೂ ಇದ್ದಲ್ಲೇ ಕಲ್ಲು. ಮೊದಲ ವಾರ ಪಾಠವೇ ಇಲ್ಲದೆ ಇದನ್ನಷ್ಟೇ ಅಭ್ಯಾಸ ಮಾಡಿಸಬೇಕು. ‘ಕಲ್ಲಾಗುವ ಆಟ’ ಮಕ್ಕಳಿಗೆ ಹೇಗೂ ಇಷ್ಟ. ಕೋಣೆ ಚಿಕ್ಕದಾದರೆ ಮೂಕಚಿತ್ರಗಳಿಂದ ಶುರು ಮಾಡಿ. ಐದೈದು ಮಕ್ಕಳು ಸೇರಿ ಪಾಠದ ಒಂದು ಘಳಿಗೆಯನ್ನು ಮಾತಿಲ್ಲದೆ, ಚಲನೆಯಿಲ್ಲದೆ ಚಿತ್ರದಂತೆ ನಿಂತು ತೋರಿಸುವುದು, ಟೀಚರ್ ಭುಜ ಮುಟ್ಟಿದ ಮಗು ಮಾತ್ರ ಆ ಪಾತ್ರ ಏನು ಯೋಚಿಸುತ್ತಿದೆಯೆಂದು ಒಂದು ವಾಕ್ಯ ಹೇಳುವುದು. ಇದಕ್ಕೆ ಬೆಂಚಿನ ನಡುವಿನ ಓಣಿ ಸಾಕು, ಐವತ್ತು ಮಕ್ಕಳಿದ್ದರೂ ನಡೆಯುತ್ತದೆ.

‘ನನಗೆ ನಟನೆ ಬರುವುದಿಲ್ಲ’ ಎನ್ನುವ ಟೀಚರಿಗೆ ಒಂದೇ ಉತ್ತರ, ನಟಿಸಬೇಡಿ. ಟವೆಲ್ ಹಾಕಿಕೊಂಡ ಪಿಡಿಒ ಹುಬ್ಬು ಹಾರಿಸಬೇಕಿಲ್ಲ, ದನಿ ಬದಲಿಸಬೇಕಿಲ್ಲ. ಆ ಸ್ಥಾನದಲ್ಲಿ ಕೂತವರು ಕೇಳುವ ಪ್ರಶ್ನೆ ಕೇಳಿದರೆ ಸಾಕು. ನಟನೆ ಚೆನ್ನಾಗಿ ಬರುವ ಟೀಚರಿಂದಲೇ ಒಮ್ಮೊಮ್ಮೆ ತೊಂದರೆ, ಮಕ್ಕಳು ಆಡುವುದನ್ನು ಬಿಟ್ಟು ಅವರನ್ನೇ ನೋಡುತ್ತ ಕೂರುತ್ತಾರೆ. ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದು ಬೆರಳೆಣಿಕೆಯಲ್ಲಿ. ಅಂಥವರಿರುವ ಶಾಲೆಯಲ್ಲಿ ಅವರನ್ನು ಸ್ಕೂಲ್ ಡೇ ನಾಟಕಕ್ಕೆ, ಪ್ರತಿಭಾ ಕಾರಂಜಿಯ ತಯಾರಿಗೆ ಮೀಸಲಿಡದೆ, ಬೇರೆ ವಿಷಯದ ಟೀಚರ್ ಜೊತೆ ಕೂತು ಪಾಠ ಯೋಜಿಸಲು ಬಳಸಿಕೊಂಡರೆ ಹತ್ತು ಪಟ್ಟು ಪ್ರಯೋಜನ.

ನಾಚಿಕೆಯ ಮಕ್ಕಳ ವಿಷಯದಲ್ಲಿ ಆಕ್ಷೇಪ ಎತ್ತುವವರ ಮಾತು ನ್ಯಾಯವಾದದ್ದು. ಮುಂದೆ ಬಾ ಎಂದು ಎಳೆದು ನಿಲ್ಲಿಸಿದರೆ, ತೊದಲುವ ಮಗು ನಾಲ್ವರ ನಗೆಗೆ ಗುರಿಯಾದರೆ, ಆ ಗಾಯ ಬಹಳ ಕಾಲ ಉಳಿಯುತ್ತದೆ. ಇಲ್ಲಿ ಬಲವಂತಕ್ಕೆ ಜಾಗವೇ ಇಲ್ಲ. ಇಬ್ಬಿಬ್ಬರು ಕೂತಲ್ಲೇ ಎದುರುಬದುರು ಮಾತಾಡುವ ಆಟದಿಂದ ಶುರು ಮಾಡಿದರೆ ನೋಡುವವರೇ ಇರುವುದಿಲ್ಲ. ಗುಂಪಾಗಿ ಒಂದೇ ಪಾತ್ರ ವಹಿಸಬಹುದು, ಊರಿನ ಜನ ಎಂದೋ ಕಾಡು ಎಂದೋ. ಕೈಗೊಂದು ಕಾಗದದ ಬೊಂಬೆ ಕೊಟ್ಟರೆ ತನ್ನ ಮುಖಕ್ಕೆ ಬರಬೇಕಾದ ನೋಟವನ್ನೆಲ್ಲ ಬೊಂಬೆ ಹೊತ್ತುಕೊಳ್ಳುತ್ತದೆ. ನಡಾವಳಿ ಬರೆಯುವ, ಬೆಲ್ ಬಾರಿಸುವ, ಚೀಟಿ ಹಂಚುವ ಕೆಲಸವೂ ಪಾತ್ರವೇ.

ಪಾತ್ರ ಹಂಚಿಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇದರ ಬಗ್ಗೆ ಶಾಲೆಗಳು ಮಾತಾಡುವುದು ಕಡಿಮೆ. ಬೆಳ್ಳಗಿನ ಹುಡುಗಿ ರಾಣಿ, ಕಪ್ಪಗಿನ ಹುಡುಗ ರಾಕ್ಷಸ, ಅಡುಗೆಯವಳು ಯಾವಾಗಲೂ ಹುಡುಗಿ, ಅಧಿಕಾರಿ ಯಾವಾಗಲೂ ಹುಡುಗ. ಕಸ ಗುಡಿಸುವ ಪಾತ್ರ ಬಂದಾಗ ಇಡೀ ತರಗತಿಯ ಕಣ್ಣು ಒಂದೇ ಬೆಂಚಿನ ಕಡೆ ಹೋಗುತ್ತದೆ. ಊರಿನ ಅಸಮಾನತೆ ನಾಟಕದ ಹೆಸರಿನಲ್ಲಿ ಶಾಲೆಯೊಳಗೆ ಮತ್ತೊಮ್ಮೆ ಮುದ್ರೆ ಒತ್ತಿಸಿಕೊಂಡು ಹೋಗುವುದಾದರೆ ಅದು ಇಲ್ಲದಿರುವುದೇ ವಾಸಿ. ಚೀಟಿ ಎತ್ತಿ ಪಾತ್ರ ಹಂಚುವುದು, ನಡುವೆ ಅದಲುಬದಲು ಮಾಡುವುದು, ಜಾತಿಯ ನೋವಿರುವ ಪಾಠದಲ್ಲಿ ನೊಂದವರ ಪಾತ್ರವನ್ನು ಯಾವ ಮಗುವಿಗೂ ಕೊಡದೆ ಕುರ್ಚಿಯನ್ನು ಖಾಲಿ ಇಟ್ಟು ಅದನ್ನು ಉದ್ದೇಶಿಸಿ ಮಾತಾಡಿಸುವುದು, ಹೀಗೆ ಉಪಾಯಗಳಿವೆ. ಆಟ ಮುಗಿದ ಮೇಲೆ ಪಾತ್ರದಿಂದ ಹೊರಬರುವ ಒಂದು ಕ್ರಿಯೆಯೂ ಇರಬೇಕು. ಮೈ ಕೊಡವಿ, ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿ ಕೂರುವುದು ಸಾಕು. ಇಲ್ಲದಿದ್ದರೆ ಸಾಹುಕಾರನಾಗಿ ಗದರಿದ ಹುಡುಗ ಊಟದ ಬಿಡುವಿನಲ್ಲೂ ಸಾಹುಕಾರನಾಗಿಯೇ ಇರುತ್ತಾನೆ, ‘ಹುಲಿ’ ಎಂಬ ಅಡ್ಡಹೆಸರು ವರ್ಷವಿಡೀ ಅಂಟುತ್ತದೆ.

ಶುರು ಮಾಡುವವರು ದೊಡ್ಡ ಯೋಜನೆ ಹಾಕಿಕೊಳ್ಳುವುದು ಬೇಡ. ಮೊದಲ ವಾರ ಕಲ್ಲಾಗುವ ಆಟ, ಎರಡನೇ ವಾರ ಮೂಕಚಿತ್ರ, ಮೂರನೇ ವಾರ ಕುರ್ಚಿಯ ಪ್ರಶ್ನೋತ್ತರ. ಟೀಚರ್ ತಾನೇ ಪಾತ್ರವಾಗುವುದು ಒಂದು ತಿಂಗಳಾದ ಮೇಲೆ. ಪ್ರತಿ ಆಟಕ್ಕೂ ಮೊದಲು ಒಂದೇ ಪ್ರಶ್ನೆಯನ್ನು ಡೈರಿಯಲ್ಲಿ ಬರೆದುಕೊಂಡಿರಬೇಕು: ಈ ಪಾಠದಲ್ಲಿ ಇಬ್ಬರು ಒಪ್ಪದ ವಿಷಯ ಯಾವುದು? ಅಂಥದ್ದು ಇಲ್ಲದ ಪಾಠಕ್ಕೆ ನಾಟಕ ಹೊಂದುವುದಿಲ್ಲ, ಬಿಟ್ಟು ಮುಂದೆ ಹೋಗಬಹುದು. ಆಟ ಮುಗಿದ ಮೇಲೆ ಅದೇ ಪುಟದಲ್ಲಿ ಇವತ್ತು ಬಾಯಿ ಬಿಡದ ಮಕ್ಕಳ ಹೆಸರು ಬರೆಯಿರಿ. ಮುಂದಿನ ಚೀಟಿಗಳನ್ನು ತಯಾರಿಸುವಾಗ ಆ ಪಟ್ಟಿಯೇ ಕೈಪಿಡಿ. ಪೋಷಕರು ಏನಂದಾರು ಎಂಬ ಅಳುಕಿದ್ದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಂದಿಬ್ಬರನ್ನು ಗ್ರಾಮಸಭೆಯ ಪಾಠದ ದಿನ ಹಿಂದಿನ ಬೆಂಚಿನಲ್ಲಿ ಕೂರಿಸಿ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಯನ್ನೂ ನಡೆಸುತ್ತವೆ. ಎಷ್ಟೋ ಕಡೆ ಅದು ಸ್ವಾಗತ ಭಾಷಣ, ಬಿಸ್ಕತ್ತು, ಫೋಟೊಗಳಲ್ಲಿ ಮುಗಿಯುವಂಥದ್ದು. ಜುಲೈನಲ್ಲಿ ತರಗತಿಯೊಳಗೆ ಟವೆಲ್ ಹೊದ್ದ ಪಿಡಿಒ ಜೊತೆ ಜಗಳವಾಡಿದ ಮಕ್ಕಳು ಆ ಸಭೆಗೆ ಹೋದರೆ ಶೌಚಾಲಯದ ನಲ್ಲಿ ಯಾವಾಗ ರಿಪೇರಿ ಎಂದು ಕೇಳುತ್ತಾರೆ. ಉತ್ತರ ಬಂದ ಮೇಲೆ, ಅದು ನಡಾವಳಿಯಲ್ಲಿ ಬರೆದಾಯಿತೇ ಎಂದೂ ಕೇಳುತ್ತಾರೆ.